ಅಜ್ಜಿಯ ದನಿಯಿರುವ ತಟ್ಟೆ: ಸೂಜಿ ಇಡಬೇಕೋ, ಬೆಳಕು ಬಿಡಬೇಕೋ?

ಡೊಂಬಿವಲಿಯಿಂದ ಪ್ರಶ್ನೆ:
ಪರೇಲಿನ ಚಾಳಿನ ಮನೆ ಖಾಲಿ ಮಾಡುವಾಗ ಅಜ್ಜನ ಟ್ರಂಕು ಸಿಕ್ಕಿತು. ಒಳಗೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡುಗಳಿವೆ. ಹೆಚ್ಚಿನವು ಹಿಂದುಸ್ತಾನಿ ಗಾಯನ, ಕೆಲವು ಕನ್ನಡ ನಾಟಕದ ಹಾಡುಗಳು. ಅವುಗಳಲ್ಲೊಂದು ಎರಡು ಹೋಳಾಗಿದೆ. ಇವುಗಳ ಅಡಿಯಲ್ಲಿ ಕೈಬರಹದ ಚೀಟಿ ಅಂಟಿಸಿದ ಒಂದು ತಟ್ಟೆ ಇತ್ತು. ಅದರ ಅಂಚಿನಲ್ಲಿ ಕಪ್ಪು ಲೇಪ ಎದ್ದು ಅಲ್ಯೂಮಿನಿಯಂ ಕಾಣುತ್ತಿದೆ, ಮೇಲೆಲ್ಲ ಬಿಳಿ ಜಿಡ್ಡು ಕೂತಿದೆ. 1940ರ ದಶಕದಲ್ಲಿ ಮುಂಬೈಯ ಫೋರ್ಟ್ ಭಾಗದ ಸ್ಟುಡಿಯೋ ಒಂದರಲ್ಲಿ ಅಜ್ಜಿ ಹಾಡಿದ ದೇವರನಾಮ ಅದು ಎಂದು ಚೀಟಿ ಹೇಳುತ್ತದೆ. ಮನೆಯಲ್ಲಿ ಈಗ ಇರುವವರು ಯಾರೂ ಅವರ ದನಿ ಕೇಳಿದವರಲ್ಲ. ಜೊತೆಗೆ ಒಂದು ಸ್ಪೂಲ್ ಟೇಪ್ ಕೂಡ ಇದೆ. ಅಮೆರಿಕದ ಭೌತವಿಜ್ಞಾನಿಗಳು ಸೂಜಿಯನ್ನೇ ತಾಗಿಸದೆ ಬೆಳಕಿನಿಂದ ರೆಕಾರ್ಡ್ ಓದುತ್ತಾರಂತೆ. ಆ ದಾರಿ ನಮ್ಮಂಥವರಿಗೆ ಇದೆಯೇ? ತಿಳಿದವರು ಹೇಳಿ.

ಮಾಟುಂಗಾದಿಂದ:
ಮೊದಲು ಟ್ರಂಕಿನಿಂದ ಕೈ ತೆಗೆಯಿರಿ! ತಮಾಷೆಯಲ್ಲ. ಹಳೆಯ ರೆಕಾರ್ಡುಗಳು ಹಾಳಾಗುವುದು ಸಿಕ್ಕಿದ ಮೊದಲ ವಾರದಲ್ಲೇ ಹೆಚ್ಚು. 78ರ ತಟ್ಟೆ ಎಂದರೆ ಅರಗು ಮತ್ತು ಕಲ್ಲಿನ ಪುಡಿಯ ಮಿಶ್ರಣ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ನನ್ನ ದೊಡ್ಡಪ್ಪನ ಒಳ್ಳೆಯ ರೆಕಾರ್ಡುಗಳನ್ನು ಅಂಗಡಿಯವನೊಬ್ಬ ‘ಮಿಂಚುವ ಹಾಗೆ’ ಸ್ಪಿರಿಟ್ಟಿನಲ್ಲಿ ಒರೆಸಿಕೊಟ್ಟ. ನಿಜಕ್ಕೂ ಮಿಂಚಿದವು, ಹಾಡು ಮಾತ್ರ ಹೋಯಿತು. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪಿನ ದ್ರಾವಣ ಹಾಕಿ, ಮೃದುವಾದ ಬುರುಸಿನಿಂದ ಗೆರೆಯ ದಿಕ್ಕಿನಲ್ಲೇ ತೊಳೆಯಿರಿ. ನಡುವಿನ ಲೇಬಲ್ ನೆನೆಯಬಾರದು. ನೆರಳಲ್ಲಿ ಒಣಗಿಸಿ.

ಇದೆಲ್ಲ ಅರಗಿನ ತಟ್ಟೆಗಳಿಗೆ ಮಾತ್ರ. ಅಜ್ಜಿಯ ತಟ್ಟೆಗೆ ನೀರೂ ಬೇಡ, ಬಟ್ಟೆಯೂ ಬೇಡ.

ಅಜ್ಜನ ಗ್ರಾಮಫೋನ್ ಮನೆಯಲ್ಲಿದ್ದರೆ ಅದರ ಮೇಲೆ ಹಾಕಿ ಕೇಳುವ ಆಸೆಯನ್ನೂ ಬಿಡಿ. ಅದರ ಉಕ್ಕಿನ ಸೂಜಿಯ ಮೇಲೆ ನೂರು ಗ್ರಾಮಿಗೂ ಹೆಚ್ಚು ಭಾರ ಬೀಳುತ್ತದೆ, ಇಂದಿನ ಪಿಕಪ್ಪಿಗೆ (ಸೂಜಿ ಹಿಡಿದು ಸದ್ದು ಎತ್ತುವ ಭಾಗಕ್ಕೆ) ಮೂರು ನಾಲ್ಕು ಗ್ರಾಮ್ ಸಾಕು. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಸಿಗುವ ಸೂಜಿಗಳು ನೋಡುವುದಕ್ಕೆ ಚಂದ, ಅಷ್ಟೇ. ಡಿಜಿಟಲ್ ಮಾಡಿಕೊಡುತ್ತೇವೆ ಎನ್ನುವವರ ಬಳಿ ಹೋದಾಗ ಒಂದೇ ಪ್ರಶ್ನೆ ಕೇಳಿ: 78ಕ್ಕೆ ಬೇರೆ ಸೂಜಿ ಇದೆಯೇ? 78ರ ಗೆರೆ ಅಗಲ, ಆಮೇಲೆ ಬಂದ ಎಲ್‌ಪಿ ರೆಕಾರ್ಡಿನದು ಕಿರಿದು. ಎಲ್‌ಪಿ ಸೂಜಿ ಇಟ್ಟರೆ ಅದು ಗೆರೆಯ ತಳಕ್ಕೆ ಇಳಿದು ಅಲ್ಲಿನ ಕಸವನ್ನೆಲ್ಲ ಹಾಡಿಸುತ್ತದೆ. ಈ ಪ್ರಶ್ನೆಗೆ ತಡವರಿಸುವವರ ಕೈಗೆ ಟ್ರಂಕು ಕೊಡಬೇಡಿ. ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ 1990ರಲ್ಲಿ ಮುಂಬೈಯಲ್ಲೇ ಹುಟ್ಟಿದ ಸಂಘ. ಅದರಲ್ಲಿ ಓಡಾಡಿದವರಿಗೆ ಇದೆಲ್ಲ ಅಂಗೈ ಗೆರೆಯಷ್ಟು ಗೊತ್ತು.

ಕೊಲಾಬಾದಿಂದ (ಪ್ರಯೋಗಾಲಯದಲ್ಲಿದ್ದು ನಿವೃತ್ತನಾದವನು):
ಬೆಳಕಿನ ವಿಷಯ ನಾನು ಹೇಳುತ್ತೇನೆ. ಕಾರ್ಲ್ ಹೇಬರ್ ಎಂಬುವರು ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಣ ಭೌತವಿಜ್ಞಾನಿ. ಜಿನೀವಾದ ಕಣ ವೇಗವರ್ಧಕಕ್ಕೆ ಬೇಕಾದ ಸಿಲಿಕಾನ್ ಸಂವೇದಕಗಳನ್ನು ಅವರ ತಂಡ ತಯಾರಿಸುತ್ತಿತ್ತು. ಒಂದೊಂದೂ ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ಮೈಕ್ರಾನ್ ಲೆಕ್ಕದಲ್ಲಿ ನೋಡುವ ಕ್ಯಾಮೆರಾ ಯಂತ್ರ ಅವರ ಬಳಿ ಇತ್ತು. ಹಳೆಯ ಧ್ವನಿಮುದ್ರಣಗಳು ನಶಿಸುತ್ತಿವೆ ಎಂಬ ರೇಡಿಯೋ ಕಾರ್ಯಕ್ರಮ ಕೇಳಿದಾಗ ಅವರಿಗೆ ಹೊಳೆದದ್ದು ಇಷ್ಟು: ರೆಕಾರ್ಡಿನ ಗೆರೆ ಎಂದರೆ ಒಂದು ಆಕಾರ, ಆಕಾರವನ್ನು ಅಳೆಯುವುದಕ್ಕೆ ಮುಟ್ಟಬೇಕಾಗಿಲ್ಲ.

ಮೂರು ನಿಮಿಷದ ಒಂದು ಮಗ್ಗುಲಿನಲ್ಲಿ ಗೆರೆ ಸುಮಾರು 230 ಸುತ್ತು ಸುತ್ತುತ್ತದೆ. ಬಿಡಿಸಿ ಎಳೆದರೆ ನೂರು ಮೀಟರಿಗೂ ಉದ್ದ. ಅಷ್ಟನ್ನೂ ಸೂಕ್ಷ್ಮದರ್ಶಕ ಹಚ್ಚಿದ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಗೆರೆ ಎಡಬಲಕ್ಕೆ ಎಷ್ಟು ವಾಲಿದೆ, ಎಷ್ಟು ಬೇಗ ವಾಲಿದೆ ಎಂದು ಗಣಕ ಲೆಕ್ಕ ಹಾಕುತ್ತದೆ, ಆ ವೇಗವೇ ಸದ್ದು. ಗೀರು ಬಿದ್ದ ಕಡೆ ಬಿಂದುಗಳು ಗೆರೆಯ ಓಟಕ್ಕೆ ಹೊಂದುವುದಿಲ್ಲ, ಅವನ್ನು ಬಿಟ್ಟು ಅಕ್ಕಪಕ್ಕದ ಬಿಂದುಗಳನ್ನು ಕೂಡಿಸುತ್ತಾರೆ. ಕಣಗಳ ಹಾದಿ ಹುಡುಕುವಾಗ ದಾರಿತಪ್ಪಿದ ಗುರುತುಗಳನ್ನು ತಳ್ಳಿಹಾಕುವ ಲೆಕ್ಕವೂ ಇದೇ ಜಾತಿಯದು. ಹಿಂದೆ ದನಿ ಮುದ್ರಿಸುತ್ತಿದ್ದ ಮೇಣದ ಸಿಲಿಂಡರುಗಳಲ್ಲಿ ಗೆರೆ ಎಡಬಲಕ್ಕಲ್ಲ, ಮೇಲೆಕೆಳಗೆ ಕುಣಿಯುತ್ತದೆ. ಅಲ್ಲಿ ಬಿಳಿ ಬೆಳಕಿನ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಆಳದಲ್ಲಿ ಕೇಂದ್ರೀಕರಿಸಿ, ಯಾವ ಬಣ್ಣ ಚೊಕ್ಕವಾಗಿ ಮರಳಿತು ಎಂಬುದರಿಂದ ಆಳ ಅಳೆಯುತ್ತಾರೆ. ಈ ಯಂತ್ರದ ಹೆಸರು ಐರೀನ್. ಗ್ರಹಾಂ ಬೆಲ್ 1885ರಲ್ಲಿ ಮೇಣದ ತಟ್ಟೆಯಲ್ಲಿ ಮುದ್ರಿಸಿದ ತನ್ನ ದನಿಯನ್ನು ಜನ ಕೇಳಿದ್ದು ಈ ವಿಧಾನದಿಂದಲೇ, 2013ರಲ್ಲಿ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಚೆನ್ನಾಗಿರುವ ರೆಕಾರ್ಡಿಗೆ ಐರೀನ್ ಬೇಕಾಗಿಲ್ಲ. ಸರಿಯಾದ ಸೂಜಿಯ ನಾದ ಎಷ್ಟೋ ಸಲ ಅದಕ್ಕಿಂತ ಸೊಗಸು. ಎರಡು ಹೋಳಾದ ತಟ್ಟೆ ಮತ್ತು ಅಜ್ಜಿಯ ತಟ್ಟೆ, ಇವೆರಡೇ ಬೆಳಕಿಗೆ ತಕ್ಕವು. ಅಜ್ಜಿಯದು ಅಲ್ಯೂಮಿನಿಯಂ ಮೇಲೆ ಲ್ಯಾಕರ್ ಎಂಬ ಮೆರುಗಿನ ಲೇಪ ಬಳಿದು ಅಲ್ಲೇ ಕೊರೆದ ಏಕೈಕ ಪ್ರತಿ. ಲ್ಯಾಕರಿಗೆ ಬೆರೆಸಿದ್ದ ಹರಳೆಣ್ಣೆ ಕಾಲಕ್ರಮೇಣ ಒಡೆದು ಹೊರಬಂದು ಬಿಳಿ ಜಿಡ್ಡಾಗಿದೆ, ಲೇಪ ಕುಗ್ಗಿದ್ದರಿಂದ ಅಂಚು ಎದ್ದಿದೆ. ಸೂಜಿ ಒಮ್ಮೆ ಹಾದರೆ ಹಾಡು ಚೂರಾಗಿ ಉದುರುತ್ತದೆ. ಉದುರಿದ ಚೂರುಗಳನ್ನೂ ಎಸೆಯಬೇಡಿ. ಯಾವ ಕಡೆಯದು ಎಂದು ಗುರುತು ಹಾಕಿ ಲಕೋಟೆಯಲ್ಲಿಡಿ. ಒಡೆದದ್ದಕ್ಕೆ ಫೆವಿಕ್ವಿಕ್ ಹಚ್ಚಬೇಡಿ, ಹೋಳುಗಳ ಅಂಚು ಒಂದಕ್ಕೊಂದು ತಿಕ್ಕದಂತೆ ಬೇರೆ ಬೇರೆ ಕಾಗದದಲ್ಲಿ ಸುತ್ತಿ.

ಮ್ಯಾಸಚೂಸೆಟ್ಸಿನ ಆಂಡೋವರಿನಲ್ಲಿ ದಾಖಲೆ ಸಂರಕ್ಷಣಾ ಕೇಂದ್ರವೊಂದು ಶುಲ್ಕ ಪಡೆದು ಐರೀನ್ ಕೆಲಸ ಮಾಡಿಕೊಡುತ್ತದೆ. ಹತ್ತಿರದಲ್ಲೆಂದರೆ ಚೆನ್ನೈನ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯಕ್ಕೂ ಈ ವ್ಯವಸ್ಥೆ ಬಂದಿತ್ತು. ಮೊದಲು ಅಲ್ಲಿಗೆ ಬರೆದು ವಿಚಾರಿಸಿ. ಪತ್ರದ ಜೊತೆ ತಟ್ಟೆಯ ಫೋಟೋ ಇರಲಿ, ತಟ್ಟೆ ಮಾತ್ರ ಕೊರಿಯರಿನಲ್ಲಿ ಹೋಗಬಾರದು.

ಪುಣೆ, ಕೊಥ್ರೂಡ್‌ನಿಂದ:
ಸ್ಪೂಲ್ ಬಗ್ಗೆ ಯಾರೂ ಹೇಳಲಿಲ್ಲ. ಸುರುಳಿಯನ್ನು ದೀಪಕ್ಕೆ ಹಿಡಿಯಿರಿ. ಬೆಳಕು ತೂರಿ ಬಂದರೆ ಟೇಪು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು, ಬರದಿದ್ದರೆ ಪಾಲಿಯೆಸ್ಟರಿನದು. ಅಸಿಟೇಟ್ ಹುಳಿ ವಿನೆಗರ್ ವಾಸನೆ ಹೊಡೆಯುತ್ತಿದ್ದರೆ ಉಳಿದವುಗಳಿಂದ ದೂರವಿಟ್ಟು ಬೇಗ ಪ್ರತಿ ಮಾಡಿಸಿ. 1970-80ರ ಕೆಲವು ಪಾಲಿಯೆಸ್ಟರ್ ಟೇಪುಗಳು ತೇವ ಹೀರಿ ಅಂಟಂಟಾಗುತ್ತವೆ. ಅವನ್ನು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಒಣಗಿಸಿ ನುಡಿಸುತ್ತಾರೆ. ಅದು ತಿಳಿದವರ ಕೆಲಸ, ಅಡುಗೆಮನೆಯ ಓವನ್ನಿನದಲ್ಲ. ಅಸಿಟೇಟಿಗೆ ಆ ಉಪಚಾರ ಮಾಡಲೇಬಾರದು. ಸ್ವಿಟ್ಜರ್ಲೆಂಡಿನ ಪೌಲ್ ಷೆರರ್ ಸಂಸ್ಥೆಯಲ್ಲಿ ಟೇಪಿನ ಕಾಂತೀಯತೆಯನ್ನು ಕ್ಷ-ಕಿರಣದಿಂದ ಓದುವ ಪ್ರಯೋಗ ನಡೆದಿದೆ. ಕೇಳಲು ರೋಮಾಂಚನ, ಆದರೆ ಅದಕ್ಕೆ ಸಿಂಕ್ರೊಟ್ರಾನ್ ಎಂಬ ಭಾರೀ ಕಣ ವೇಗವರ್ಧಕವೇ ಬೇಕು!

ನನ್ನ ನಿಜವಾದ ತಕರಾರು ಬೇರೆ. ಇಲ್ಲಿನ ಸ್ಟುಡಿಯೋ ಒಂದರಲ್ಲಿ ಅಪ್ಪನ ಭಜನೆಯ ಕ್ಯಾಸೆಟ್ಟನ್ನು ‘ಶುದ್ಧ’ ಮಾಡಿಸಿದೆವು. ಒಂದೇ ಸಮನೆ ಬರುವ ಸದ್ದೆಲ್ಲ ಕಸವೆಂದು ತಿಳಿಯುವ ತಂತ್ರಾಂಶ ತಂಬೂರಿಯನ್ನೇ ಗುಡಿಸಿಹಾಕಿತು. ಅಪ್ಪ ಬಾವಿಯೊಳಗೆ ನಿಂತು ಹಾಡಿದಂತೆ ಕೇಳುತ್ತಾರೆ. ಅವರು ಮೂಲ ಕಡತವನ್ನು ಉಳಿಸಿರಲೂ ಇಲ್ಲ. ಆದ್ದರಿಂದ 24 ಬಿಟ್, 96 ಕಿಲೋಹರ್ಟ್ಜ್‌ನ ವೇವ್ (WAV) ಕಡತ, ಏನೂ ತಿದ್ದದೆ ಇಟ್ಟದ್ದು, ಕೈಗೆ ಬಂದ ಮೇಲೆಯೇ ಹಣ ಕೊಡಿ.

ಗೋವಾ, ಫೋಂಡಾದಿಂದ:
ಇಲ್ಲಿನ ಮಳೆಗಾಲ ಕಂಡವನ ಮಾತು: ಟ್ರಂಕಿನಿಂದ ಹೊರತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ, ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆಯಲ್ಲಿ ನೆಟ್ಟಗೆ ನಿಲ್ಲಿಸಿ. ಅಜ್ಜಿಯ ತಟ್ಟೆ ಮಾತ್ರ ಒಂಟಿಯಾಗಿ, ಮೇಲೆ ಏನೂ ತಾಗದಂತೆ ಮಲಗಿರಲಿ.

ಡೊಂಬಿವಲಿಯಿಂದ ಮತ್ತೆ:
ಎಲ್ಲರಿಗೂ ಋಣಿ. ಚೆನ್ನೈಗೆ ಬರೆಯುತ್ತೇನೆ. ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಮರಾಠಿಯಲ್ಲಿ ‘ಕಾಳೀ ಪಾಚ್’ ಎಂದಿದೆ. ಇದೂ ಬೇಕಾಗುತ್ತದೆಯೇ?

ಕೊಲಾಬಾದಿಂದ:
ಬೇಕೇ ಬೇಕು! ಅದು ಹಾರ್ಮೋನಿಯಂನ ಐದನೆಯ ಕರಿಮನೆ, ಅಜ್ಜಿಯ ಶ್ರುತಿ. ಆಗಿನ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78 ಸುತ್ತು ತಿರುಗಿದವಲ್ಲ. ನಿಮಿಷಕ್ಕೆ ನಾಲ್ಕೈದು ಸುತ್ತು ತಪ್ಪಿದರೆ ಒಂದು ಸ್ವರಸ್ಥಾನವೇ ಜರುಗುತ್ತದೆ. 1860ರಲ್ಲಿ ಪ್ಯಾರಿಸಿನಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ದನಿಯ ಅಲೆಗಳ ಗೆರೆಯಾಗಿ ಮೂಡಿಸಿದ ಹಾಡನ್ನು 2008ರಲ್ಲಿ ನುಡಿಸಿದಾಗ ಹುಡುಗಿಯ ದನಿ ಎಂದುಕೊಂಡರು. ಮರುವರ್ಷ ವೇಗವನ್ನು ಅರ್ಧಕ್ಕಿಳಿಸಿದಾಗ ಗಂಡಸು ಹಾಡಿದ್ದು ಗೊತ್ತಾಯಿತು. ನಿಮ್ಮ ತಟ್ಟೆಯ ಷಡ್ಜ ಸುಮಾರು 233 ಹರ್ಟ್ಜ್‌ಗೆ ಕೂರುವಂತೆ ವೇಗ ಹೊಂದಿಸಲು ಹೇಳಿ. ಚೀಟಿಯ ಫೋಟೋವನ್ನು ಪತ್ರದ ಜೊತೆಗೇ ಕಳಿಸಿ.