ಸಹಾಯ ಬೇಕು: ಡ್ರಾಫ್ಟ್ ಹುಡುಗನ ಶಾಟ್ ಸುಧಾರಿಸುತ್ತದಾ ಅಂತ ಹೇಗೆ ಗುರುತಿಸುವುದು?

ನಮಸ್ಕಾರ. ಎನ್‌ಬಿಎ ಡ್ರಾಫ್ಟ್ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ನೋಡುವವರು ಯಾರಾದರೂ ಇದ್ದೀರಾ? ಒಂದು ವಿಷಯ ತಲೆಗೆ ಹತ್ತುತ್ತಿಲ್ಲ.

ಕವಾಯ್ ಲೆನಾರ್ಡ್ ಕಾಲೇಜಿನಲ್ಲಿ ಎಸೆದ ತ್ರೀ ಪಾಯಿಂಟರ್‌ಗಳಲ್ಲಿ (ದೂರದ ಗೆರೆಯಾಚೆಯಿಂದ ಎಸೆಯುವ ಮೂರು ಅಂಕದ ಶಾಟ್) ಬಿದ್ದಿದ್ದು ಶೇ. 25 ಮಾತ್ರ. 2011ರಲ್ಲಿ 15ನೇ ಆಯ್ಕೆ. ಅವನು ಸೇರಿದ ಸ್ಪರ್ಸ್ ತಂಡದ ಆಗಿನ ಶೂಟಿಂಗ್ ಕೋಚ್ ಚಿಪ್ ಎಂಗೆಲೆಂಡ್ ಅವನು ಚೆಂಡು ಬಿಡುವ ಎತ್ತರವನ್ನು ಸ್ವಲ್ಪ ಇಳಿಸಿದರು. ಮೊದಲ ಸೀಸನ್ನಿನಲ್ಲೇ ಶೇ. 37.6! ಆದರೆ 2012ರ ಎರಡನೇ ಆಯ್ಕೆ ಮೈಕಲ್ ಕಿಡ್-ಗಿಲ್‌ಕ್ರಿಸ್ಟ್ ನೋಡಿ. ಕಲಿಸಿದ್ದು ಮಾರ್ಕ್ ಪ್ರೈಸ್‌ನಂಥ ಶೂಟರ್. ಆದರೂ ತ್ರೀ ಕೈಗೆ ಹತ್ತಲೇ ಇಲ್ಲ, ಪಾಪ.

ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಶಾಟ್) ಚೆನ್ನಾಗಿದ್ದರೆ ಸಾಕು, ಸುಧಾರಿಸುತ್ತಾರೆ ಅನ್ನುತ್ತಾರೆ. ಆದರೆ ಕಾಲೇಜಿನಲ್ಲಿ ಇಬ್ಬರ ಫ್ರೀ ಥ್ರೋ ಕೂಡ ಶೇ. 74ರ ಆಸುಪಾಸೇ ಅಲ್ವಾ?

ಹಾಗಾದರೆ ವಿಡಿಯೋದಲ್ಲಿ ಏನು ನೋಡಬೇಕು? ಮೊಣಕೈಯಾ, ಪಾದವಾ, ಎಸೆಯುವಾಗ ನಡುವೆ ತಡೆಯುವ ಆ ಜರ್ಕಾ? ಯಾವ ತಪ್ಪು ತಿದ್ದಬಹುದು, ಯಾವುದು ಕಷ್ಟ? ಕೋಚಿಂಗ್ ಮಾಡಿದವರು ದಯವಿಟ್ಟು ಹೇಳಿ.