ಮನೆಯ ಸರ್ವರ್‌ನಲ್ಲಿ ಎರಡು 4 ಟಿಬಿ ಡಿಸ್ಕುಗಳ ಬದಲು ಎರಡು 8 ಟಿಬಿ ಡಿಸ್ಕು: ಮಾಹಿತಿ ಕಳೆಯದಂತೆ ಯಾವ ಕ್ರಮದಲ್ಲಿ ಬದಲಿಸಬೇಕು?

ಪ್ರಶ್ನೆ: ಮಳೆಪುಸ್ತಕ, ನಾಪೋಕ್ಲು

ನಮಸ್ಕಾರ. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ಮನೆಯ ಸರ್ವರ್ ಆಗಿ ಬಳಸುತ್ತಿದ್ದೇನೆ. ಅದರಲ್ಲಿ ಎರಡು 4 ಟಿಬಿ ಹಾರ್ಡ್ ಡಿಸ್ಕುಗಳು ಎಂಡಿಎಡಿಎಂ (ಡಿಸ್ಕುಗಳನ್ನು ಒಂದು ಗುಂಪಾಗಿ ನಡೆಸುವ ಲಿನಕ್ಸ್ ತಂತ್ರಾಂಶ) ಮೂಲಕ ರೇಡ್ 1 ಆಗಿ ಕೆಲಸ ಮಾಡುತ್ತಿವೆ. ಅಂದರೆ ಒಂದರಲ್ಲಿರುವುದೆಲ್ಲ ಇನ್ನೊಂದರಲ್ಲೂ ಇದೆ. ಅದರ ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಇದೆ. ಲಿನಕ್ಸ್ ತೋರಿಸುವ 3.6 ಟಿಬಿಯಲ್ಲಿ 3.3 ಈಗಾಗಲೇ ತುಂಬಿದೆ. ಮನೆಯ ಮದುವೆಗಳ ವಿಡಿಯೊಗಳು, ತೋಟದ ಲೆಕ್ಕಪತ್ರ, 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ತೆಗೆದ ಚಿತ್ರಗಳು, ಜೊತೆಗೆ ಅಜ್ಜ ಇಂಚು ಮತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನದಿನವೂ ಬರೆದಿಟ್ಟ ಮಳೆಯ ನೋಟ್‌ಬುಕ್‌ಗಳ ಸ್ಕ್ಯಾನ್ ಪ್ರತಿಗಳು ಅದರಲ್ಲಿವೆ. ಮೂಲ ನೋಟ್‌ಬುಕ್‌ಗಳ ಅರ್ಧದಷ್ಟು ಪುಟಗಳು ಬೂಸ್ಟು ಹಿಡಿದು ಅಂಟಿಕೊಂಡಿರುವುದರಿಂದ ಈ ಪ್ರತಿಗಳೇ ಈಗ ಮೂಲವೆನ್ನಬೇಕು.

ಹೊಸದಾಗಿ ಎರಡು 8 ಟಿಬಿ ಡಿಸ್ಕುಗಳನ್ನು ತರಿಸಿದ್ದೇನೆ. ಮದರ್‌ಬೋರ್ಡ್‌ನಲ್ಲಿ ನಾಲ್ಕು ಸಾಟಾ ಪೋರ್ಟುಗಳಿದ್ದು, ಒಂದನ್ನು ಬೂಟ್ ಆಗುವ ಎಸ್‌ಎಸ್‌ಡಿ ಹಿಡಿದಿರುವುದರಿಂದ ಉಳಿಯುವುದು ಮೂರು ಮಾತ್ರ. ನಾನು ಯೋಚಿಸಿರುವ ಕ್ರಮ ಹೀಗಿದೆ: ಹಳೆಯ ಒಂದು ಡಿಸ್ಕನ್ನು ತೆಗೆದು ಆ ಜಾಗಕ್ಕೆ ಹೊಸದನ್ನು ಹಾಕಿ, ಅದು ತುಂಬಿದ ಮೇಲೆ ಎರಡನೆಯದನ್ನೂ ಹಾಗೆಯೇ ಬದಲಿಸುವುದು. ಪರಿಚಯದವರೊಬ್ಬರು ಮಾತ್ರ ನಾಲ್ಕು ಡಿಸ್ಕುಗಳನ್ನೂ ಸೇರಿಸಿ ರೇಡ್ 5 ಮಾಡಿದರೆ ಜಾಗ ಹೆಚ್ಚು ಸಿಗುತ್ತದೆ ಎನ್ನುತ್ತಾರೆ. ಕೊಡಗಿನ ಬಿರುಮಳೆಯ ತಿಂಗಳಾದ ಕಕ್ಕಡ ಇನ್ನೂ ಮುಗಿದಿಲ್ಲ, ಕರೆಂಟಿನ ಸ್ಥಿತಿ ನಿಮಗೆಲ್ಲ ಗೊತ್ತೇ ಇದೆ. ಯುಪಿಎಸ್ ಕಾಲು ಗಂಟೆ ತಡೆಯುತ್ತದೆ. ಯಾವ ದಾರಿ ಹಿಡಿಯಲಿ?

ಉತ್ತರ: ಹಳೇ ಕೇಬಲ್, ಕುಶಾಲನಗರ

ರೇಡ್ 5ರ ಮಾತನ್ನು ಮೊದಲು ಮುಗಿಸಿಬಿಡೋಣ. ಅಳತೆ ಬೇರೆಬೇರೆಯಾದ ಡಿಸ್ಕುಗಳನ್ನು ಒಂದೇ ರೇಡ್ 5ಕ್ಕೆ ಸೇರಿಸಿದರೆ ಎಲ್ಲವೂ ಅತಿ ಚಿಕ್ಕದರ ಅಳತೆಗೆ ಇಳಿಯುತ್ತವೆ. ನಿಮ್ಮ ಲೆಕ್ಕದಲ್ಲಿ ನಾಲ್ಕೂ ಡಿಸ್ಕುಗಳು 4 ಟಿಬಿ ಎಂದೇ ಎಣಿಕೆಯಾಗಿ, ಒಂದರಷ್ಟು ಜಾಗ ಪ್ಯಾರಿಟಿಗೆ (ಒಂದು ಡಿಸ್ಕು ಕೆಟ್ಟರೆ ಮಾಹಿತಿಯನ್ನು ಮರಳಿ ಕಟ್ಟಲು ಇಡುವ ಲೆಕ್ಕಕ್ಕೆ) ಹೋಗಿ, 12 ಟಿಬಿ ಸಿಗುತ್ತದೆ. ಹೊಸ ಡಿಸ್ಕುಗಳ ಅರ್ಧ ಭಾಗ ಸುಮ್ಮನೆ ಬಿದ್ದಿರುತ್ತದೆ. ಪೋರ್ಟು ಮೂರೇ ಇರುವಾಗ ಅದೂ ಸಾಧ್ಯವಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ರೇಡ್ 1 ಅನ್ನು ರೇಡ್ 5ಕ್ಕೆ ತಿರುಗಿಸಿ ಡಿಸ್ಕು ಹೆಚ್ಚಿಸುವಾಗ ಒಳಗಿನ ಮಾಹಿತಿಯೆಲ್ಲ ತುಂಡುತುಂಡಾಗಿ ಎದ್ದು ಬೇರೆ ಜಾಗದಲ್ಲಿ ಕೂರುತ್ತದೆ. ಎಂಡಿಎಡಿಎಂ ಅದನ್ನು ಜಾಗ್ರತೆಯಿಂದಲೇ ಮಾಡುತ್ತದೆ, ನಡುವೆ ನಿಂತರೆ ಮುಂದುವರಿಸಲೂ ಬಲ್ಲದು. ಆದರೂ ಒಂದು ದಿನಕ್ಕಿಂತ ಹೆಚ್ಚು ಹಿಡಿಯಬಹುದಾದ ಆ ಕೆಲಸವನ್ನು ನಾಪೋಕ್ಲಿನ ಕಕ್ಕಡದಲ್ಲಿ ಆರಂಭಿಸಲು ನನಗಂತೂ ಧೈರ್ಯವಿಲ್ಲ.

ನಿಮ್ಮ ಕ್ರಮ ತಪ್ಪಲ್ಲ, ಆದರೆ ಅದರಲ್ಲಿ ಒಂದು ಸಣ್ಣ ತಿದ್ದುಪಡಿ ಆಗಬೇಕು. ಹಳೆಯದನ್ನು ಮೊದಲು ತೆಗೆದುಬಿಟ್ಟರೆ ಹೊಸದು ತುಂಬುವವರೆಗೆ ಪೂರ್ಣ ಪ್ರತಿ ಒಂದೇ ಉಳಿಯುತ್ತದೆ, ಮತ್ತು ಐದಾರು ವರ್ಷ ಓಡಿದ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಎಡೆಬಿಡದೆ ಓದಿಸುವುದು ಅದೇ ಹೊತ್ತಿನಲ್ಲಿ. ನಿಮ್ಮಲ್ಲಿ ಮೂರನೆಯ ಪೋರ್ಟು ಖಾಲಿ ಇದೆಯಲ್ಲ, ಅದಕ್ಕೆ ಹೊಸ ಡಿಸ್ಕನ್ನು ಜೋಡಿಸಿ. ರೇಡ್ 1 ಎಂದರೆ ಎರಡೇ ಡಿಸ್ಕು ಎಂಬ ನಿಯಮವೇನೂ ಇಲ್ಲ. ಹೊಸದನ್ನು ರೇಡಿಗೆ ಸೇರಿಸಿ, ‘ಗ್ರೋ’ ಆಯ್ಕೆಯಲ್ಲಿ ಡಿಸ್ಕುಗಳ ಸಂಖ್ಯೆಯನ್ನು ಮೂರಕ್ಕೆ ಏರಿಸಿದರೆ ಅದು ಮೂರು ಪ್ರತಿಗಳ ಮಿರರ್ ಆಗುತ್ತದೆ. 4 ಟಿಬಿಯಷ್ಟು ತುಂಬಲು ಸೆಕೆಂಡಿಗೆ 130 ಎಂಬಿ ವೇಗ ಹಿಡಿದರೂ ಎಂಟೂವರೆ ಗಂಟೆ ಬೇಕು. ರೇಡಿನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತದಲ್ಲಿ ಚೌಕ ಕಂಸದೊಳಗೆ ಮೂರು ‘ಯು’ ಅಕ್ಷರಗಳು ಸಾಲಾಗಿ ಕಾಣುವವರೆಗೆ ಯಾವುದನ್ನೂ ಮುಟ್ಟಬೇಡಿ. ಒಂದರ ಜಾಗದಲ್ಲಿ ಅಡಿಗೆರೆ ಇದ್ದರೆ ಆ ಡಿಸ್ಕು ಇನ್ನೂ ಸಿದ್ಧವಾಗಿಲ್ಲವೆಂದೇ ಅರ್ಥ.

ಆಮೇಲೆ ಹಳೆಯ ಒಂದನ್ನು ‘ಫೇಲ್’ ಎಂದು ಗುರುತಿಸಿ, ರೇಡಿನಿಂದ ಬಿಡಿಸಿ, ಯಂತ್ರ ಆರಿಸಿ ಹೊರತೆಗೆಯಿರಿ. ಅದೇ ಪೋರ್ಟಿಗೆ ಎರಡನೆಯ ಹೊಸ ಡಿಸ್ಕು ಬರಲಿ. ಅದೂ ತುಂಬಿದ ಮೇಲೆ ಉಳಿದ ಹಳೆಯದನ್ನು ಬಿಡಿಸಿ, ಸಂಖ್ಯೆಯನ್ನು ಎರಡಕ್ಕೆ ಇಳಿಸಿ. ಹೀಗೆ ಮಾಡಿದರೆ ಯಾವ ಹಂತದಲ್ಲೂ ಓಡುತ್ತಿರುವ ಪೂರ್ಣ ಪ್ರತಿ ಎರಡಕ್ಕಿಂತ ಕಡಿಮೆಯಾಗುವುದಿಲ್ಲ. ನಡುವೆ ಕರೆಂಟು ಹೋದರೆ ಹೊಸ ಡಿಸ್ಕನ್ನು ಮತ್ತೆ ತುಂಬಬೇಕಾದೀತು, ಅಷ್ಟೇ. ಹಳೆಯವುಗಳಲ್ಲಿ ಮಾಹಿತಿ ಇದ್ದಲ್ಲಿಯೇ ಇರುತ್ತದೆ. ಕೊನೆಗೆ ‘ಗ್ರೋ’ದಲ್ಲಿಯೇ ಗಾತ್ರವನ್ನು ಗರಿಷ್ಠಕ್ಕೆ ಏರಿಸಿ, ಅದರ ನಂತರ ರೀಸೈಜ್2ಎಫ್‌ಎಸ್ ಓಡಿಸಿದರೆ ಇಎಕ್ಸ್‌ಟಿ4 ಹೊಸ ಜಾಗಕ್ಕೆ ಹರಡಿಕೊಳ್ಳುತ್ತದೆ. ಒಳಗೆ ಬಿಟ್‌ಮ್ಯಾಪ್ (ಯಾವ ಭಾಗಗಳಲ್ಲಿ ಬರಹ ನಡೆದಿದೆ ಎಂದು ರೇಡ್ ಇಟ್ಟುಕೊಳ್ಳುವ ಗುರುತು) ಇದ್ದರೆ ಗಾತ್ರ ಏರಿಸುವ ಮೊದಲು ಅದನ್ನು ತೆಗೆದು ಆಮೇಲೆ ಮತ್ತೆ ಸೇರಿಸುವುದು ವಾಡಿಕೆ. ರೇಡಿನ ಗುರುತು ಸಂಖ್ಯೆಯಾದ ಯುಯುಐಡಿ ಬದಲಾಗುವುದಿಲ್ಲವಾದ್ದರಿಂದ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವುದನ್ನು ಎಲ್ಲಿ ತೆರೆಯಬೇಕೆಂಬ ಪಟ್ಟಿ) ತಿದ್ದುವ ಕೆಲಸವೂ ಇಲ್ಲ.

ಉತ್ತರ: ತಂತಿಬೇಲಿ, ಸೋಮವಾರಪೇಟೆ

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಅದಕ್ಕೂ ಮುಂಚೆ ಮಾಡಬೇಕಾದ ಎರಡು ಮೂರು ಕೆಲಸಗಳನ್ನು ಸೇರಿಸುತ್ತೇನೆ, ಏಕೆಂದರೆ ನನ್ನ ಕೈ ಸುಟ್ಟದ್ದು ಅಲ್ಲಿಯೇ.

ಕಳೆದ ಬಾರಿ ನಾನು ಡಿಸ್ಕು ಬದಲಿಸುವಾಗ ಲಿನಕ್ಸ್ ಡಿಸ್ಕಿಗೆ ಕೊಡುವ ಎಸ್‌ಡಿಬಿ ಎಂಬ ಹೆಸರನ್ನು ನಂಬಿ, ಯಂತ್ರ ಆರಿಸಿ, ಕೈಗೆ ಸಿಕ್ಕಿದ್ದನ್ನು ಎಳೆದೆ. ಮರಳಿ ಚಾಲೂ ಮಾಡಿದಾಗ ಎಸ್‌ಡಿಬಿ ಎನಿಸಿಕೊಂಡದ್ದು ಬೇರೆಯೇ ಡಿಸ್ಕಾಗಿತ್ತು. ನಾನು ಎಳೆದದ್ದು ಒಳ್ಳೆಯದನ್ನು, ಉಳಿಸಿಕೊಂಡದ್ದು ಕೆಟ್ಟದ್ದನ್ನು. ಆ ಹೆಸರುಗಳು ಪ್ರತಿ ಬೂಟಿನಲ್ಲೂ ಅದಲುಬದಲಾಗಬಹುದು. ಆದ್ದರಿಂದ ಬೈ-ಐಡಿ ಕೋಶದಲ್ಲಿರುವ ಹೆಸರನ್ನೇ ಬಳಸಿ, ಅದರ ಬಾಲದಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಡಿಸ್ಕಿನ ಲೇಬಲ್ ಕೇಸಿನೊಳಗೆ ಕಾಣುವಂತಿರುವುದಿಲ್ಲ. ಬಿಳಿ ಟೇಪು ಹರಿದು ಸೀರಿಯಲ್‌ನ ಕೊನೆಯ ನಾಲ್ಕು ಅಂಕೆಗಳನ್ನು ಮಾರ್ಕರ್‌ನಲ್ಲಿ ಬರೆದು, ಕೇಬಲ್ ಸಿಕ್ಕಿಸುವ ಬದಿಗೆ ಅಂಟಿಸಿಬಿಡಿ.

ಎರಡನೆಯದಾಗಿ, ಹಳೆಯ ಡಿಸ್ಕುಗಳ ಆರೋಗ್ಯವನ್ನು ಈಗಲೇ ನೋಡಿ. ಡಿಸ್ಕಿನ ಸ್ವಪರೀಕ್ಷೆ ಮಾಡಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ‘ಲಾಂಗ್’ ಪರೀಕ್ಷೆ ಮಾಡಿಸಿ, 5, 197, 199 ಎಂಬ ಮೂರು ಸಾಲುಗಳನ್ನು ಗಮನಿಸಿ. 5 ಎಂದರೆ ಈಗಾಗಲೇ ಬದಲಿ ಜಾಗಕ್ಕೆ ಹೋಗಿರುವ ಸೆಕ್ಟರುಗಳು, 197 ಎಂದರೆ ಓದಲಾಗದೆ ಕಾಯುತ್ತಿರುವವು, 199 ಏರುತ್ತಿದ್ದರೆ ದೋಷ ಬಹುಮಟ್ಟಿಗೆ ಸಾಟಾ ಕೇಬಲಿನದೇ. ನಮ್ಮ ತೇವಕ್ಕೆ ಕನೆಕ್ಟರುಗಳು ಹಸಿರುಗಟ್ಟುವುದು ಹೊಸದೇನಲ್ಲವಲ್ಲ. ಅನಂತರ ರೇಡಿಗೆ ‘ಚೆಕ್’ ಕೊಟ್ಟು ಒಮ್ಮೆ ಪೂರ್ತಿ ಓದಿಸಿ. ಒಂದು ಡಿಸ್ಕಿನಲ್ಲಿ ಓದಲಾಗದ ಸೆಕ್ಟರು ಸಿಕ್ಕರೆ ಇನ್ನೊಂದರಿಂದ ಓದಿ ಅಲ್ಲಿಗೇ ಮತ್ತೆ ಬರೆಯುತ್ತದೆ. ಎರಡೂ ಪ್ರತಿಗಳಿರುವಾಗ ಈ ದೋಷ ಬಯಲಾಗುವುದೇ ಲೇಸು. ಹೊಸ ಡಿಸ್ಕು ಎಂದಮಾತ್ರಕ್ಕೆ ನಂಬಬೇಡಿ. ಬ್ಯಾಡ್‌ಬ್ಲಾಕ್ಸ್ ತಂತ್ರಾಂಶದಲ್ಲಿ ಬರೆದು ಓದಿಸಿ ನೋಡಿ. 8 ಟಿಬಿಗೆ ನಾಲ್ಕೈದು ದಿನ ಹಿಡಿಯುತ್ತದೆ, ಹಿಡಿಯಲಿ. ಖಾಲಿ ಡಿಸ್ಕಿನ ಮೇಲೆ ಮಾತ್ರ ಇದನ್ನು ಮಾಡಬೇಕು ಎಂದು ಬೇರೆ ಹೇಳಬೇಕಾಗಿಲ್ಲವಾದರೂ ಹೇಳಿಬಿಡುತ್ತೇನೆ.

ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಸರ್ವರಿಗೆ ಜೋಡಿಸಿ, ಬ್ಯಾಟರಿ ಮುಗಿಯುವ ಮುನ್ನ ಯಂತ್ರವನ್ನು ಕ್ರಮವಾಗಿ ಆರಿಸುವ ‘ನಟ್’ ತಂತ್ರಾಂಶ ಹಾಕಿದ್ದೀರಾ? ಇಲ್ಲವಾದರೆ ಆ ಕಾಲು ಗಂಟೆಯಿಂದ ಪ್ರಯೋಜನವಿಲ್ಲ. ನೀವು ತೋಟದಲ್ಲಿರುವಾಗ ಬ್ಯಾಟರಿ ಮುಗಿದು ಯಂತ್ರ ಧೊಪ್ಪನೆ ಆರುತ್ತದೆ.

ಉತ್ತರ: ಕರಿಮೆಣಸು, ಗೋಣಿಕೊಪ್ಪಲು

ಹೇಗೂ ಡಿಸ್ಕು ಬದಲಿಸುತ್ತಿದ್ದೀರಿ, ಇದೇ ಅವಕಾಶದಲ್ಲಿ ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗೆ ಹೋಗಬಾರದೇಕೆ? ಎಂಡಿಎಡಿಎಂ ಮಿರರ್‌ನಲ್ಲಿ ಎರಡು ಪ್ರತಿಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದು ಸರಿ ಎಂದು ಅದಕ್ಕೆ ತಿಳಿಯುವುದಿಲ್ಲ. ಜೆಡ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಚೆಕ್‌ಸಮ್ (ಮಾಹಿತಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಮೊತ್ತ) ಇಟ್ಟುಕೊಳ್ಳುವುದರಿಂದ ಕೆಟ್ಟ ಪ್ರತಿಯನ್ನು ಗುರುತಿಸಿ ಒಳ್ಳೆಯದರಿಂದ ಸರಿಪಡಿಸುತ್ತದೆ. ಸ್ಕ್ಯಾನ್ ಮಾಡಿದ ಮಳೆ ಪುಸ್ತಕವನ್ನು ಮೊಮ್ಮಕ್ಕಳ ಕಾಲದವರೆಗೆ ಉಳಿಸಬೇಕೆಂದರೆ ನಾನು ಅದನ್ನೇ ಆರಿಸುತ್ತಿದ್ದೆ.

ಉತ್ತರ: ಹಳೇ ಕೇಬಲ್, ಕುಶಾಲನಗರ

ಚೆಕ್‌ಸಮ್‌ನ ಮಾತನ್ನು ಒಪ್ಪುತ್ತೇನೆ. ಆದರೆ ಮೂರೇ ಪೋರ್ಟಿರುವಾಗ ಫೈಲ್ ಸಿಸ್ಟಮನ್ನೂ ಡಿಸ್ಕನ್ನೂ ಒಟ್ಟಿಗೆ ಬದಲಿಸಲು ಹೊರಟರೆ ಒಂದು ಹಂತದಲ್ಲಿ ಮಿರರ್ ಮುರಿಯಲೇಬೇಕಾಗುತ್ತದೆ, ಅಥವಾ ಎರಡನೆಯ ಹೊಸ ಡಿಸ್ಕನ್ನು ಯುಎಸ್‌ಬಿ ಡಾಕ್‌ನಲ್ಲಿಟ್ಟು ನಡೆಸಬೇಕಾಗುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸುವುದು ಲೇಸು. ಸದ್ಯಕ್ಕೆ ಮುಖ್ಯ ಕಡತಗಳಿಗೆ ಎಸ್‌ಎಚ್‌ಎ256 ಮೊತ್ತಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡರೆ ಕೆಲಸ ಮುಗಿದ ಮೇಲೆ ತಾಳೆ ನೋಡಬಹುದು.

ಇನ್ನೊಂದು ಮಾತು ಕೇಳಿದವರಿಗೆ. ಮಿರರ್ ಎಂಬುದು ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದರೆ ಎರಡೂ ಕಡೆ ಅದೇ ಕ್ಷಣದಲ್ಲಿ ಅಳಿಯುತ್ತದೆ; ಸಿಡಿಲು ತಂತಿಯ ಮೂಲಕ ಬಂದರೆ ಎರಡಕ್ಕೂ ಒಟ್ಟಿಗೆ ಬರುತ್ತದೆ. ಆದ್ದರಿಂದ ಕೊನೆಗೆ ಬಿಡಿಸುವ ಹಳೆಯ ಡಿಸ್ಕನ್ನು ಅಳಿಸಲೇಬೇಡಿ. ಬಿಡಿಸುವ ಮುಂಚೆ ಫೈಲ್ ಸಿಸ್ಟಮನ್ನು ಅನ್‌ಮೌಂಟ್ ಮಾಡಿ, ಆಗ ಅದರಲ್ಲಿ ಉಳಿಯುವುದು ಅರೆಬರೆ ಬರೆದ ಪ್ರತಿಯಾಗದೆ ಸ್ವಚ್ಛವಾದ ಪ್ರತಿಯಾಗುತ್ತದೆ. ಅದನ್ನು ಬೇರೊಂದು ಲಿನಕ್ಸ್ ಯಂತ್ರದಲ್ಲಿ ಓದಲು ಮಾತ್ರವೆಂಬಂತೆ ತೆರೆದು ನೋಡಿ, ಮನೆಯಿಂದ ಹೊರಗೆ ಎಲ್ಲಾದರೂ ಇಡಿ. ತೇವಕ್ಕೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟವರನ್ನು ನಾನು ಬಲ್ಲೆ. ದಯವಿಟ್ಟು ಅದು ಬೇಡ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿ ಸಾಕು.

ಕೇಳಿದವರ ಮರುಬರಹ: ಮಳೆಪುಸ್ತಕ, ನಾಪೋಕ್ಲು

ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಮುಗಿಯಲು ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆಯಬೇಕಾಯಿತು, ಮುಂದೆ ಇದೇ ದಾರಿಯಲ್ಲಿ ಬರುವವರಿಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಹೊಸ ಡಿಸ್ಕುಗಳ ಪರೀಕ್ಷೆಯನ್ನು ಕಕ್ಕಡದಲ್ಲಿಯೇ ಬೇರೊಂದು ಹಳೆಯ ಯಂತ್ರದಲ್ಲಿ ಆರಂಭಿಸಿದೆ. ಕರೆಂಟಿನ ಕಾರಣ ಎರಡು ಬಾರಿ ಮೊದಲಿಂದ ಶುರು ಮಾಡಬೇಕಾಯಿತು. ಸೋಮವಾರಪೇಟೆಯವರ ಮಾತು ಕೇಳಿ ಹಳೆಯ ಡಿಸ್ಕುಗಳನ್ನು ನೋಡಿದ್ದು ನನ್ನನ್ನು ಉಳಿಸಿತು. ಒಂದರಲ್ಲಿ 197ನೆಯ ಸಾಲು 8 ಎಂದು ತೋರಿಸುತ್ತಿತ್ತು. ನಾನು ನನ್ನ ಮೊದಲಿನ ಯೋಜನೆಯಂತೆ ಹೋಗಿದ್ದರೆ ಮೊದಲು ಎಳೆಯುತ್ತಿದ್ದದ್ದು ಇನ್ನೊಂದನ್ನು, ಏಕೆಂದರೆ ಅದರ ತಿರುಪುಗಳು ಸುಲಭವಾಗಿ ಕೈಗೆಟುಕುತ್ತಿದ್ದವು. ರೇಡಿಗೆ ‘ಚೆಕ್’ ಕೊಟ್ಟ ಮೇಲೆ ಆ 8 ಸೊನ್ನೆಗೆ ಇಳಿಯಿತು. ಆದರೂ ಅದರ ಮೇಲೆ ನಂಬಿಕೆ ಹೋಗಿದ್ದರಿಂದ ಮೂರನೆಯ ಪ್ರತಿ ಸಿದ್ಧವಾದ ಕೂಡಲೇ ಅದನ್ನೇ ಮೊದಲು ಬಿಡಿಸಿದೆ.

ಎರಡನೆಯ ಹೊಸ ಡಿಸ್ಕು ನೂರಕ್ಕೆ ಅರವತ್ತರಷ್ಟು ತುಂಬಿದ್ದಾಗ ರಾತ್ರಿ ಕರೆಂಟು ಹೋಯಿತು. ಅಷ್ಟರಲ್ಲಿ ‘ನಟ್’ ಹಾಕಿಟ್ಟಿದ್ದೆನಾದ್ದರಿಂದ ಯಂತ್ರ ತಾನಾಗಿಯೇ ಕ್ರಮವಾಗಿ ಆರಿತು. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ, ನಮ್ಮ ಕಡೆಗೆ ಇದು ಬೇಗವೇ. ಚಾಲೂ ಮಾಡಿದಾಗ ತುಂಬುವ ಕೆಲಸ ಸರಿಸುಮಾರು ನಿಂತಲ್ಲಿಂದಲೇ ಮುಂದುವರಿಯಿತು.

ಬಿಟ್‌ಮ್ಯಾಪ್ ತೆಗೆದು, ಗಾತ್ರ ಏರಿಸಿ, ರೀಸೈಜ್2ಎಫ್‌ಎಸ್ ಮುಗಿದ ಮೇಲೆ ಈಗ 7.2 ಟಿಬಿ ಕಾಣುತ್ತಿದೆ. ಮಳೆ ಪುಸ್ತಕದ ಅಷ್ಟೂ ಕಡತಗಳ ಎಸ್‌ಎಚ್‌ಎ256 ಮೊತ್ತಗಳನ್ನು ತಾಳೆ ನೋಡಿದೆ, ಒಂದೂ ತಪ್ಪಿಲ್ಲ. ಗೋಣಿಕೊಪ್ಪಲಿನವರು ಹೇಳಿದ ಜೆಡ್‌ಎಫ್‌ಎಸ್ ಅನ್ನು ಮುಂದೆ ಬೇರೆ ಯಂತ್ರ ಕೊಂಡಾಗ ನೋಡುತ್ತೇನೆ.

ಆರೋಗ್ಯವಾಗಿದ್ದ ಹಳೆಯ ಡಿಸ್ಕಿಗೆ ಬಿಳಿ ಟೇಪಿನ ಮೇಲೆ ಸೀರಿಯಲ್ ಅಂಕೆಗಳನ್ನೂ ತಾರೀಖನ್ನೂ ಬರೆದು, ಡಬ್ಬಿಯಲ್ಲಿಟ್ಟು ಮೈಸೂರಿನ ಅಕ್ಕನ ಮನೆಗೆ ಕೊಟ್ಟು ಬಂದೆ. ಭಾವನವರಿಗೆ ಕುತೂಹಲ ಜಾಸ್ತಿ, ತಮ್ಮ ವಿಂಡೋಸ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೋಡಿದರೆ ಅದು ‘ಡಿಸ್ಕನ್ನು ಇನಿಶಿಯಲೈಸ್ ಮಾಡಲೇ’ ಎಂದು ಕೇಳುವ ಸಾಧ್ಯತೆ ಇದೆ. ಆದ್ದರಿಂದ ಡಬ್ಬಿಯ ಮುಚ್ಚಳದ ಮೇಲೆ ‘ಯಾವುದಕ್ಕೂ ಜೋಡಿಸಬೇಡಿ, ಏನು ಕೇಳಿದರೂ ಬೇಡ ಎನ್ನಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.