ಚಿಕ್ಕಪ್ಪನ ‘ಫ್ಯಾಕ್ಟ್’ಗೆ ನನ್ನ ಉತ್ತರ, ಸ್ವಲ್ಪ ಉದ್ದ ಆಯ್ತು

ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಬೆಳಿಗ್ಗೆಯಿಂದ ಸುಮ್ನೆ ಇರೋಣ ಅಂತಲೇ ಇದ್ದೆ, ಆಗಲಿಲ್ಲ. ಕುಕ್ಕರ್ ಇಟ್ಟುಕೊಂಡೇ ಮಾತಾಡುತ್ತಿದ್ದೇನೆ. ಮಧ್ಯೆ ವಿಷಲ್ ಬಂದರೆ ಅದು ನಿಮಗಲ್ಲ.

ಅತ್ತೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ, ಊರೂರು ಸುತ್ತುವ ತಂಡಗಳು ಆಡುವ ಕಂಪನಿ ನಾಟಕ ನೋಡಿ, ಖುಷಿಯಾಗಿ ಅದರ ಒಂದು ವಿಡಿಯೋ ನಮ್ಮ ಮನೆ ಗ್ರೂಪ್‌ನಲ್ಲಿ ಹಾಕಿದರು. ಅದಕ್ಕೆ ನೀವು, ‘ಥರ್ಡ್ ಕ್ಲಾಸ್. ಬುದ್ಧಿ ಬೆಳೆಯದವರು ನೋಡುವುದು. ಇದು ಅಭಿಪ್ರಾಯ ಅಲ್ಲ, ಫ್ಯಾಕ್ಟ್’ ಅಂತ ಬರೆದಿರಿ. ಪಾಪ, ಅತ್ತೆ ವಿಡಿಯೋನೇ ಡಿಲೀಟ್ ಮಾಡಿಬಿಟ್ಟರು.

ನಿಮಗೆ ಹಿಡಿಸಲಿಲ್ಲ ಅಂದ್ರೆ ಅದು ಸರಿ, ಯಾರೂ ಜಗಳಕ್ಕೆ ಬರಲ್ಲ. ಉಪ್ಪಿಟ್ಟನ್ನು ಕಾಂಕ್ರೀಟ್ ಅಂತೀರಿ, ನಾವೆಲ್ಲ ನಗುತ್ತೇವೆ. ಆದ್ರೆ ಉಪ್ಪಿಟ್ಟು ತಿನ್ನುವವರಿಗೆ ತಲೆ ಇಲ್ಲ ಅಂದಿಲ್ಲವಲ್ಲ ಯಾವತ್ತೂ?

ಫ್ಯಾಕ್ಟ್ ಅಂದಿರಲ್ಲ, ಅದನ್ನೇ ನೋಡೋಣ. ಹೋದ ತಿಂಗಳು ಇದೇ ಗ್ರೂಪ್‌ನಲ್ಲಿ ‘ಸಿನಿಮಾ ಅಂದ್ರೆ ಚೋಮನ ದುಡಿ, ಆದಿ ಶಂಕರಾಚಾರ್ಯ’ ಅಂತ ಬರೆದಿದ್ದಿರಿ. ಒಪ್ಪಿದೆ. ಎರಡಕ್ಕೂ ಸ್ವರ್ಣಕಮಲ, ಅಂದ್ರೆ ದೇಶದ ಅತ್ಯುತ್ತಮ ಸಿನಿಮಾ ಪ್ರಶಸ್ತಿ ಬಂದಿದೆ. ಚೋಮನ ದುಡಿ ಮಾಡಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಎಲ್ಲಿಗೆ? ಗುಬ್ಬಿ ವೀರಣ್ಣನವರ ನಾಟಕ ಕಂಪನಿಗೆ, ಅದೇ ಗುಬ್ಬಿ ಕಂಪನಿಗೆ. ಅವರನ್ನು ಕಾಶಿಗೆ ಓದಲು ಕಳಿಸಿದವರೂ ವೀರಣ್ಣನವರೇ. ಆಮೇಲೆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಅನ್ನೋ ನಾಟಕ ಸಂಸ್ಥೆ ಕಟ್ಟಿದರು. 1983ರಲ್ಲಿ ಸಂಸ್ಕೃತದಲ್ಲಿ ಆದಿ ಶಂಕರಾಚಾರ್ಯ ತೆಗೆದ ಜಿ.ವಿ. ಅಯ್ಯರ್? ಅವರೂ ಅದೇ ಗುಬ್ಬಿ ಕಂಪನಿಯವರು. ರಾಜ್‌ಕುಮಾರ್, ನರಸಿಂಹರಾಜು ಹೆಸರು ನಾನು ಹೇಳಲ್ಲ, ನಿಮಗೆ ಅವರು ‘ಕಮರ್ಷಿಯಲ್’ ಅಲ್ವಾ!

ಹಾಂ, ಒಂದು ಮಾತು ನಿಮ್ಮ ಕಡೆಗೂ ಇದೆ. ಕಂಪನಿ ನಾಟಕಗಳಲ್ಲಿ ಡಬಲ್ ಮೀನಿಂಗ್ ಜಾಸ್ತಿ ಆಗಿದೆ. ಕೆಲವು ನಾಟಕಗಳ ಹೆಸರು ಮಕ್ಕಳ ಮುಂದೆ ಓದೋಕಾಗಲ್ಲ. ನನಗೂ ಮುಜುಗರ ಆಗುತ್ತೆ. ಅಷ್ಟನ್ನೇ ಬರೆದಿದ್ದರೆ ಅತ್ತೆಯೇ ಮೊದಲು ಹೌದು ಅನ್ನುತ್ತಿದ್ದರು.

ನನಗೆ ಹತ್ತು ವರ್ಷ ಇದ್ದಾಗ ಅಜ್ಜ ಜಾತ್ರೆಗೆ ಕರೆದುಕೊಂಡು ಹೋಗಿದ್ದರು. ತಗಡಿನ ಶೀಟಿನ ಥಿಯೇಟರು, ಕಾಲ ಕೆಳಗೆ ಬರೀ ಮಣ್ಣು, ಶೇಂಗಾ ಸಿಪ್ಪೆ. ಹೀರೋ ಚಾಕು ಏಟು ತಿಂದು, ಹಾಡು ಹೇಳಿಕೊಂಡೇ ಸತ್ತ. ಜನ ‘ಒನ್ಸ್ ಮೋರ್’ ಅಂತ ಕೂಗಿದರು. ಸತ್ತವನು ಎದ್ದ. ಧೋತರ ಸರಿಮಾಡಿಕೊಂಡ, ಹಾರ್ಮೋನಿಯಂ ಕಡೆಗೆ ಒಮ್ಮೆ ನೋಡಿದ, ಪೂರ್ತಿ ಹಾಡು ಹೇಳಿ ಮತ್ತೆ ಸತ್ತ. ಅಜ್ಜ ಎರಡೂ ಸಲ ಅತ್ತರು. ಹಳೆಗನ್ನಡ ಪದ್ಯ ಬಾಯಿಪಾಠ ಹೇಳುತ್ತಿದ್ದ ಅಜ್ಜ, ಚಿಕ್ಕಪ್ಪ. ನಿಮ್ಮಪ್ಪ!

ಸರಿ, ಮೂರನೇ ವಿಷಲ್ ಆಯ್ತು, ಇಡುತ್ತೇನೆ. ಅತ್ತೆ, ಆ ವಿಡಿಯೋ ಇನ್ನೊಂದು ಸಲ ಹಾಕಿ. ನಾಟಕದ ದೊಡ್ಡ ಸೊಸೆ ಗೌಡನ ಕಪಾಳಕ್ಕೆ ಕೈ ಎತ್ತಿದ ಕಡೆ ಕಟ್ ಆಗಿತ್ತು. ಹೊಡೆದಳಾ ಇಲ್ವಾ?